ಕೀಲು

ಮುತ್ತೋಡಿಗೆ ಡ್ಯೂಟಿ ಬಿದ್ದ ವಾರ
ಆಲ್ದೂರಿನ ಕುಲುಮೆಗೆ ಹೋದೆ.
ಜೇಬಿನಲ್ಲಿ ಆಗಲೇ ಒಂದಿತ್ತು:
ತರಬೇತಿಯಲ್ಲಿ ಓಟ ಗೆದ್ದುದಕ್ಕೆ ಕೊಟ್ಟ ಮಡಚು ಚಾಕು,
ಕೆಂಪು ಹಿಡಿ, ಟಿಕ್ಕೆಂದು ತೆರೆದು ಟಿಕ್ಕೆಂದು ಮುಚ್ಚುವಂಥದು.
ಇದು ಸಾಲದೇ ಅಂತ ಮೋನಪ್ಪಾಚಾರಿಯ ಮುಂದೆ ಇಟ್ಟೆ.

ಕನ್ನಡಕ ಹಣೆಗೇರಿಸಿ, ಅಲಗು ಹಿಡಿದು
ಎಡಕ್ಕೆ ಬಲಕ್ಕೆ ಅಲ್ಲಾಡಿಸಿದ. ಸಾಸಿವೆಯಷ್ಟು ಆಡಿತು.
"ನೋಡಿ ಮೇಡಮ್ಮೋರೆ, ಇಲ್ಲಿ. ಕೀಲಿದ್ದಲ್ಲಿ ಸೋಲು.
ಮಣ್ಣು ಹೋಗೋದೂ ಇಲ್ಲೇ, ತುಕ್ಕು ಕೂರೋದೂ ಇಲ್ಲೇ,
ಬಿದಿರು ಸೀಳಕ್ಕೆ ಬೆನ್ನಿಗೊಂದು ಪೆಟ್ಟು ಕೊಟ್ರಿ ಅನ್ನಿ,
ಮುರಿಯೋದೂ ಇಲ್ಲೇ."
ಲಾರಿ ಪ್ಲೇಟಿನ ತುಂಡೊಂದನ್ನು ಇದ್ದಿಲಿಗೆ ತುರುಕಿದ.
"ಇದಕ್ಕೆ ಮೂವತ್ತು ವರ್ಷ ಕಾಫಿ ಮೂಟೆ ಹೊತ್ತು ರೂಢಿ.
ಬಾಲ ಹಿಡಿಯೊಳಗೆ ಕೊನೇವರೆಗೂ ಬಿಡ್ತೀನಿ.
ಮೂಗಿಂದ ಬಾಲದ ತನಕ ಒಂದೇ ಕಬ್ಬಿಣ, ಒಂದೇ ಮಾತು."

ಹಿಡಿಗೆ ಬೀಟೆ ತೆಗೆದ. ನನ್ನೊಳಗಿನ ಗಾರ್ಡು ಎದ್ದು ಕೂತಳು:
ಎಲ್ಲಿಯ ಮರ ಇದು?
"ನಮ್ಮಜ್ಜಿ ಮಂಚದ ಕಾಲು. ಕೇಸು ಹಾಕೋದಾದ್ರೆ
ಅಜ್ಜಿ ಮೇಲೆ ಹಾಕಿ."
ಬ್ಲೋವರ್ ತಿರುಗಿಸುತ್ತಿದ್ದ ಸೊಸೆ ನಕ್ಕಳು, ಬೆಂಕಿ ಒಂದು ಗೇಣು ಎದ್ದಿತು.

ವಾಪಸು ಬರುವಾಗ ಅದು ಸೊಂಟದಲ್ಲಿತ್ತು,
ಟ್ಯೂಬು ರಬ್ಬರಿನ ಒರೆಯಲ್ಲಿ. ಪಕ್ಕದ ಸೀಟಿನಾಕೆ
ಮಗುವನ್ನು ಕಿಟಕಿ ಕಡೆಗೆ ದಾಟಿಸಿಕೊಂಡಳು.
ಕಂಡಕ್ಟರ್ ಟಿಕೆಟ್ಟನ್ನು ದೂರದಿಂದಲೇ ಚಾಚಿದ.
ಮಡಚುವುದರ ಗುಣ ಆಗ ಹೊಳೆಯಿತು:
ಜೇಬಿನಲ್ಲಿ ಕೂತರೆ ಇದೆಯೋ ಇಲ್ಲವೋ ಯಾರಿಗೂ ಗೊತ್ತಾಗದು.
ನನಗೂ ಹಾಗೇ ಕಲಿಸಿದ್ದರು. ಕಾಲು ಮಡಚು, ದನಿ ಮಡಚು,
ನಗು ಬಂದರೆ ಅದನ್ನೂ ಕರ್ಚೀಫಿನ ಹಾಗೆ ನಾಲ್ಕು ಮಡಿಕೆ.
ಕೈ ತಾನಾಗಿ ಒರೆ ಮುಚ್ಚಲು ಹೋಯಿತು;
ಅರ್ಧ ದಾರಿಯಲ್ಲಿ ನಿಲ್ಲಿಸಿದೆ.

ಮಾರ್ಚಿ. ಬೆಂಕಿರೇಖೆ ಸವರುವ ಕೆಲಸ.
ಒಣ ಬಿದಿರು, ಲಂಟಾನ, ಕಾಲಿಗೆ ಸಿಗುವ ಬಳ್ಳಿ,
ಹೊಸ ಚೂರಿ ಎಲ್ಲಕ್ಕೂ ಹ್ಞೂಂ ಅಂದಿತು.
ಮೂರನೇ ರಾತ್ರಿ ಕ್ಯಾಂಪಿನ ಆನೆ ಕಂದಕದ ಈಚೆ ಕೂತು
ಕೊರಡಿನಿಂದ ಅದರ ಬೆನ್ನಿಗೆ ಹೊಡೆದು ಸೌದೆ ಸೀಳುತ್ತಿದ್ದೆ;
ಸಾಸಿವೆಯಷ್ಟೂ ಆಡಲಿಲ್ಲ.

ವಾಚರ್ ದುಗ್ಗಪ್ಪ ಅಂಗಾಲಿನ ಮುಳ್ಳಿಗೆ ಟಾರ್ಚ್ ಹಿಡಿದಿದ್ದ.
ನನ್ನ ಚೂರಿ ಚಾಚಿದೆ.
"ಸೂಜಿಗೆ ದಾರ ಪೋಣಿಸಕ್ಕೆ ಎಮ್ಮೆ ಕರೀತೀರಾ?"
ತನ್ನ ಜೇಬಿಂದ ತೆಗೆದ, ಹಿಡಿ ಸವೆದು ಬಿಳಿಚಿದ ಮಡಚು ಚಾಕು,
ಹಲ್ಲಿನಲ್ಲಿ ಕಚ್ಚಿ ಬಿಚ್ಚಿದ. ಆಗ ಕಂಡೆ,
ಬಲಗೈ ತೋರುಬೆರಳು ಒಂದು ಗೆಣ್ಣು ಕಮ್ಮಿ.

ಇದೇನಾ?
"ಇದೇ. ಬೆತ್ತ ಕದಿಯಕ್ಕೆ ಹೋಗಿದ್ದೆ, ಆಗಿನ್ನೂ ವಾಚರ್ ಆಗಿರಲಿಲ್ಲ.
ಲಾಕು ಬಿಡ್ತು, ಪಟ್ಟಂತ ಮುಚ್ಕೊಂತು.
ಬೆರಳು ಹುಡುಕಿದೆ. ಇರುವೆ ನನಗಿಂತ ಮೊದಲೇ ಹುಡುಕಿದ್ವು."
ಮತ್ಯಾಕೆ ಇಟ್ಟುಕೊಂಡಿದ್ದೀಯ?
"ಇದು ಮಾಡೋ ತಪ್ಪು ಮಾಡಿ ಆಗಿದೆ.
ನಿಮ್ಮದು ಇನ್ನೂ ಮಾಡಿಲ್ಲ."

ಮುಳ್ಳು ಬಂತು. ತೊಡೆಗೆ ಒರೆಸಿ,
ಉಳಿದ ಬೆರಳುಗಳನ್ನೆಲ್ಲ ದೂರ ಇಟ್ಟು, ಅಂಗೈಯಿಂದ ಮುಚ್ಚಿದ,
ನಿದ್ದೆ ಹೋದ ಮಗುವಿನ ಕೋಣೆಯ ಬಾಗಿಲು ಮುಚ್ಚುವ ಹಾಗೆ.

ಅವನು ಮಲಗಿದ ಮೇಲೆ ಬೆಂಕಿಯ ಬೆಳಕಿಗೆ
ಚೂರಿ ಹಿಡಿದ ನನ್ನ ಕೈ ನೋಡಿದೆ.
ಒಂದೇ ಕಬ್ಬಿಣವನ್ನು ಹಿಡಿಯುವುದಕ್ಕೆ ಹದಿನಾಲ್ಕು ಕೀಲು,
ದುಗ್ಗಪ್ಪನಿಗೆ ಹದಿಮೂರು. ಮಣಿಕಟ್ಟು, ಮೊಣಕೈ, ಹೆಗಲು ಬೇರೆ.
ಸುತ್ತಿಗೆ ಎತ್ತಿದ ಆಚಾರಿಯ ಕೈಗೂ ಇಷ್ಟೇ ಇದ್ದಿರಬೇಕು,
ಅಂದು ಎಣಿಸುವುದು ತೋಚಲಿಲ್ಲ.

ಬೆಳಗ್ಗೆ ಒರೆ ಸೊಂಟಕ್ಕೆ ಕಟ್ಟಿದೆ.
ಚೀಲದ ತಳದಿಂದ ಕೆಂಪು ಹಿಡಿಯದನ್ನು ಹುಡುಕಿ ತೆಗೆದು
ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ
ಒಂದು ಹನಿ ಅದರ ಕೀಲಿಗೆ,
ಉಳಿದದ್ದು ಮೊಣಕಾಲಿಗೆ.